ಫ್ಯಾಕ್ಸ್ ಯಂತ್ರದ ಮೂಲಪುರುಷ: ಗುಟ್ಟು ಹಂಚಿಕೊಂಡು ನೊಂದ ಅಲೆಕ್ಸಾಂಡರ್ ಬೇನ್

ಫ್ಯಾಕ್ಸ್ ಯಂತ್ರವು ದೂರವಾಣಿಗಿಂತ ಹಳೆಯದು ಎಂದರೆ ಅನೇಕರು ನಂಬಲಿಕ್ಕಿಲ್ಲ. ಗ್ರಹಾಂ ಬೆಲ್ ಅವರಿಗೆ ದೂರವಾಣಿಯ ಪೇಟೆಂಟ್ ದೊರೆತದ್ದು 1876ರಲ್ಲಿ. ಅದಕ್ಕೂ 33 ವರ್ಷ ಮೊದಲೇ, 1843ರಲ್ಲಿ, ಒಂದೆಡೆಯ ಅಕ್ಷರಗಳ ಪಡಿಯಚ್ಚನ್ನು ತಂತಿಯ ಮೂಲಕ ಇನ್ನೊಂದೆಡೆ ಮೂಡಿಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಗಡಿಯಾರ ತಯಾರಕರೊಬ್ಬರು ಪೇಟೆಂಟ್ ಪಡೆದಿದ್ದರು. ಅವರೇ ಅಲೆಕ್ಸಾಂಡರ್ ಬೇನ್. ಗೋಪ್ಯ ಸಂದೇಶಗಳನ್ನು ಹೊತ್ತೊಯ್ಯುವ ಯಂತ್ರದ ಕಲ್ಪನೆಯನ್ನು ಜಗತ್ತಿಗೆ ಕೊಟ್ಟ ಈ ವ್ಯಕ್ತಿ ತಮ್ಮ ಬದುಕಿನಲ್ಲಿ ದೊಡ್ಡ ಪೆಟ್ಟು ತಿಂದದ್ದು ಗೋಪ್ಯವಾಗಿಡಬೇಕಿದ್ದ ವಿಷಯವನ್ನು ಇನ್ನೊಬ್ಬರ ಮುಂದೆ ತೆರೆದಿಟ್ಟ ಕಾರಣದಿಂದ.

ಬಡ ರೈತನ ಮಗ

ಸ್ಕಾಟ್ಲೆಂಡಿನ ಉತ್ತರ ತುದಿಯ ಕೈತ್‌ನೆಸ್ ಪ್ರಾಂತ್ಯದ ವಾಟೆನ್ ಬಳಿ 1810ರಲ್ಲಿ ಬೇನ್ ಜನಿಸಿದರು. ತಂದೆ ತುಂಡು ಭೂಮಿಯ ಗೇಣಿದಾರ. ಮನೆಯ ತುಂಬ ಮಕ್ಕಳು. ಶಾಲೆಯಲ್ಲಿ ಬಾಲಕ ಹೇಳಿಕೊಳ್ಳುವಂತಹ ಪ್ರಗತಿಯನ್ನೇನೂ ತೋರಲಿಲ್ಲ. ಆದರೆ ಗಡಿಯಾರಗಳೆಂದರೆ ಅವನಿಗೆ ಪ್ರಾಣ. ಹೀಗಾಗಿ ಹತ್ತಿರದ ವಿಕ್ ಪಟ್ಟಣದ ಗಡಿಯಾರ ತಯಾರಕರೊಬ್ಬರ ಬಳಿ ಕೆಲಸ ಕಲಿಯಲು ಸೇರಿಸಲಾಯಿತು. 1830ರಲ್ಲಿ ಥರ್ಸೊ ಪಟ್ಟಣದಲ್ಲಿ ಬೆಳಕು, ಶಾಖ ಮತ್ತು ವಿದ್ಯುತ್ ಕುರಿತು ನಡೆದ ಸಾರ್ವಜನಿಕ ಉಪನ್ಯಾಸವೊಂದನ್ನು ಕೇಳಿದ ಬೇನ್, ಗಡಿಯಾರಕ್ಕೂ ವಿದ್ಯುತ್ತಿಗೂ ನಂಟು ಬೆಸೆಯುವ ಕನಸು ಕಾಣತೊಡಗಿದರು.

1837ರಲ್ಲಿ ಅವರು ಲಂಡನ್ ಸೇರಿದರು. ಗಡಿಯಾರ ಕುಶಲಕರ್ಮಿಗಳ ಬೀಡಾಗಿದ್ದ ಕ್ಲರ್ಕನ್‌ವೆಲ್‌ನಲ್ಲಿ ದುಡಿಮೆ. ಬಿಡುವಿನಲ್ಲಿ ವಿಜ್ಞಾನ ಉಪನ್ಯಾಸಗಳ ಶ್ರವಣ. ವಿದ್ಯುತ್ತಿನಿಂದ ನಡೆಯುವ ಗಡಿಯಾರದ ಮಾದರಿ ಸಿದ್ಧವಾಯಿತು. ಅದನ್ನು ಮುಂದುವರಿಸಲು ಬೇಕಾದ ಹಣ ಮಾತ್ರ ಕೈಯಲ್ಲಿರಲಿಲ್ಲ.

ಹೊರಬಿದ್ದ ಗುಟ್ಟು

1840ರಲ್ಲಿ ಪತ್ರಿಕಾ ಸಂಪಾದಕರೊಬ್ಬರು ಬೇನ್ ಅವರನ್ನು ಚಾರ್ಲ್ಸ್ ವೀಟ್‌ಸ್ಟನ್ ಅವರಿಗೆ ಪರಿಚಯಿಸಿದರು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ವೀಟ್‌ಸ್ಟನ್ ತಂತಿ ಸಂಪರ್ಕದ ಪ್ರವರ್ತಕರಲ್ಲೊಬ್ಬರು. ನೆರವಿನ ನಿರೀಕ್ಷೆಯಿಂದ ಬೇನ್ ತಮ್ಮ ಮಾದರಿಗಳನ್ನು ಅವರ ಮುಂದಿರಿಸಿದರು. ಇವುಗಳಿಗೆ ಭವಿಷ್ಯವಿಲ್ಲ ಎಂಬ ಧಾಟಿಯ ಉತ್ತರ ಬಂದಿತು. ಕೆಲವೇ ತಿಂಗಳ ಬಳಿಕ ಅದೇ ವೀಟ್‌ಸ್ಟನ್ ಪ್ರತಿಷ್ಠಿತ ರಾಯಲ್ ಸೊಸೈಟಿಯಲ್ಲಿ ವಿದ್ಯುತ್ ಗಡಿಯಾರವೊಂದನ್ನು ತಮ್ಮದೇ ಆವಿಷ್ಕಾರವೆಂದು ಪ್ರದರ್ಶಿಸಿದರು.

ತಮ್ಮ ಕಲ್ಪನೆಯನ್ನು ಕದಿಯಲಾಗಿದೆ ಎಂಬುದು ಬೇನ್ ಅವರ ಆರೋಪ. ವೀಟ್‌ಸ್ಟನ್ ಇದನ್ನು ಒಪ್ಪಲಿಲ್ಲ. ಅದೃಷ್ಟವಶಾತ್ ಬೇನ್ ಅಷ್ಟರಲ್ಲಿ ಜಾನ್ ಬಾರ್ವಿಸ್ ಎಂಬ ಗಡಿಯಾರ ತಯಾರಕರೊಡನೆ ಕೂಡಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು. 1841ರ ಜನವರಿಯಲ್ಲಿ ಅದು ಕೈಸೇರಿತು. ಮುಂದೆ ತಂತಿ ಕಂಪನಿಯೊಂದರ ಸ್ಥಾಪನೆಯ ಮಸೂದೆ ಬ್ರಿಟಿಷ್ ಸಂಸತ್ತಿನ ಮುಂದೆ ಬಂದಾಗ ಬೇನ್ ಸಾಕ್ಷ್ಯ ನುಡಿದರು. ಪರಿಣಾಮವಾಗಿ ಆ ಕಂಪನಿಯು ಅವರಿಗೆ ದೊಡ್ಡ ಮೊತ್ತದ ಪರಿಹಾರ ನೀಡಬೇಕಾಯಿತು. ಪ್ರಾಧ್ಯಾಪಕರ ಎದುರು ರೈತನ ಮಗ ಗೆದ್ದಿದ್ದರು.

ಎರಡು ಲೋಲಕಗಳ ಯಂತ್ರ

1843ರ ಪೇಟೆಂಟ್‌ನಲ್ಲಿ ಬೇನ್ ವಿವರಿಸಿದ ವಿಧಾನ ಗಡಿಯಾರದ ಕೂಸೇ ಸರಿ. ಎರಡು ಊರುಗಳಲ್ಲಿ ಎರಡು ಲೋಲಕಗಳು. ವಿದ್ಯುತ್ತಿನ ನೆರವಿನಿಂದ ಎರಡೂ ಒಂದೇ ತಾಳದಲ್ಲಿ ತೂಗಬೇಕು. ಕಳುಹಿಸುವ ಕಡೆಯ ಲೋಲಕದ ಮುಳ್ಳು ಲೋಹದ ಅಕ್ಷರಗಳ ಮೇಲೆ ಸವರಿಕೊಂಡು ಹೋಗುತ್ತದೆ. ಲೋಹ ತಾಗಿದಾಗ ವಿದ್ಯುತ್ ಹರಿಯುತ್ತದೆ, ತಾಗದಿದ್ದಾಗ ನಿಲ್ಲುತ್ತದೆ. ಅತ್ತ ಕಡೆಯ ಮುಳ್ಳು ರಾಸಾಯನಿಕ ಲೇಪಿತ ಕಾಗದವನ್ನು ಸವರುವಾಗ, ವಿದ್ಯುತ್ ಹರಿದಲ್ಲೆಲ್ಲ ಕಲೆ ಮೂಡುತ್ತದೆ. ಪ್ರತಿ ತೂಗಿಗೆ ಒಂದೊಂದು ಗೆರೆ. ಗೆರೆಗಳೆಲ್ಲ ಸೇರಿ ಪಡಿಯಚ್ಚು.

ಇದೇ ತತ್ತ್ವದ ಮೇಲೆ ಲಂಡನ್ನಿನ ಫ್ರೆಡರಿಕ್ ಬೇಕ್‌ವೆಲ್ 1848ರಲ್ಲಿ ಉರುಳೆಗಳ ಯಂತ್ರ ರೂಪಿಸಿ, 1851ರ ಮಹಾಪ್ರದರ್ಶನದಲ್ಲಿ ಜನರ ಮುಂದಿರಿಸಿದರು. ಗೋಪ್ಯತೆಯ ಉಪಾಯವೊಂದನ್ನು ಸೂಚಿಸಿದವರೂ ಅವರೇ. ಸಂದೇಶ ಕಾಗದದ ಮೇಲೆ ಕಣ್ಣಿಗೆ ಕಾಣದಂತೆ ಮೂಡಬೇಕು. ಪಡೆದವರು ರಾಸಾಯನಿಕ ದ್ರಾವಣ ಸವರಿದರೆ ಮಾತ್ರ ಅಕ್ಷರಗಳು ಗೋಚರಿಸಬೇಕು. ನಡುವಿನ ತಂತಿ ನೌಕರನೂ ಓದಲಾಗದು. 1865ರಲ್ಲಿ ಇಟಲಿಯ ಜೊವಾನಿ ಕಸೆಲ್ಲಿ ಅವರ ಯಂತ್ರದಿಂದ ಪ್ಯಾರಿಸ್ ಮತ್ತು ಲಿಯೋನ್ ನಡುವೆ ಸಾರ್ವಜನಿಕ ಸೇವೆಯೇ ಆರಂಭವಾಯಿತು. ಬ್ಯಾಂಕುಗಳು ಸಹಿಯ ಸಾಚಾತನ ಪರೀಕ್ಷಿಸಲು ಅದನ್ನು ಬಳಸಿದವು.

ಉಳವಿಯಿಂದ ಬೆಂಗಳೂರಿಗೆ

ಬೇನ್ ಅವರ ಗೆರೆ ಎಣಿಸುವ ತತ್ತ್ವ ನಂತರದ ಫ್ಯಾಕ್ಸ್ ಯಂತ್ರಗಳಲ್ಲೂ ಉಳಿಯಿತು. ಸೊರಬ ತಾಲ್ಲೂಕಿನ ಉಳವಿಯಿಂದ ಒಬ್ಬರು ಜಮೀನಿನ ಪಹಣಿಯ ಪ್ರತಿಯನ್ನು ಬೆಂಗಳೂರಿನ ವಕೀಲರಿಗೆ ಫ್ಯಾಕ್ಸ್ ಮಾಡುತ್ತಾರೆ ಎಂದಿಟ್ಟುಕೊಳ್ಳೋಣ. ಸಂಖ್ಯೆ ಒತ್ತಿದೊಡನೆ ಎರಡೂ ಯಂತ್ರಗಳು ಶಿಳ್ಳೆಯಂತಹ ಸ್ವರಗಳ ಮೂಲಕ ಪರಸ್ಪರ ಗುರುತಿಸಿ, ಯಾವ ವೇಗದಲ್ಲಿ ಕಳುಹಿಸಬೇಕೆಂದು ನಿರ್ಧರಿಸಿಕೊಳ್ಳುತ್ತವೆ. ಬಳಿಕ ಹಾಳೆಯ ಪ್ರತಿ ಗೆರೆಯನ್ನೂ 1,728 ಚುಕ್ಕೆಗಳಾಗಿ ವಿಭಜಿಸಿ, ಕಪ್ಪು ಬಿಳುಪನ್ನು ಸಂಕೇತಗಳಾಗಿ ಸಂಕ್ಷೇಪಿಸಿ ದೂರವಾಣಿ ಮಾರ್ಗದಲ್ಲಿ ಕಳುಹಿಸಲಾಗುತ್ತದೆ. 1980ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಮಾನದಂಡದಂತೆ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಸಾಕು. ಕೊನೆಗೆ ಸಂದೇಶ ತಲುಪಿದ ದಿನಾಂಕ, ಸಮಯಗಳ ವರದಿ ಕೈಸೇರುತ್ತದೆ.

ಈ ಸಮಯದ ಬೆಲೆ ಎಷ್ಟೆಂಬುದನ್ನು ಬೆಂಗಳೂರಿನ ರೇಷ್ಮೆ ರಫ್ತು ಸಂಸ್ಥೆಯೊಂದು ಕಂಡುಕೊಂಡಿತು. ಅಮಾನ್ಯಗೊಂಡ ಚೆಕ್‌ಗಳ ಬಗ್ಗೆ ಅದು 1996ರಲ್ಲಿ ವಿದೇಶಿ ಖರೀದಿದಾರರಿಗೆ ಮೊದಲು ಫ್ಯಾಕ್ಸ್ ಮೂಲಕ, ನಂತರ ಅಂಚೆಯ ಮೂಲಕ ನೋಟಿಸ್ ಕಳುಹಿಸಿತ್ತು. ಫ್ಯಾಕ್ಸ್ ಕೂಡ ಕಾನೂನುಬದ್ಧ ನೋಟಿಸ್ ಎಂದು 1999ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಫ್ಯಾಕ್ಸ್ ತಲುಪಿದ ದಿನದಿಂದಲೇ ಗಡುವನ್ನು ಲೆಕ್ಕ ಹಾಕಿತು. ಅಂಚೆಯ ದಿನವನ್ನು ನೆಚ್ಚಿದ್ದ ಸಂಸ್ಥೆಯ ದೂರು ಅವಧಿ ಮೀರಿದ್ದೆಂದು ಬಿದ್ದುಹೋಯಿತು.

ಸಾಮಾನ್ಯ ಫ್ಯಾಕ್ಸ್‌ನ ದೊಡ್ಡ ಕೊರತೆಯೆಂದರೆ, ಬಂದ ಹಾಳೆ ತಟ್ಟೆಯಲ್ಲಿ ಬಿದ್ದಿರುತ್ತದೆ, ದಾರಿಹೋಕರೂ ಓದಬಹುದು. ಇದಕ್ಕೆ ಪರಿಹಾರವಾಗಿ ಬಂದದ್ದು ಗೋಪ್ಯ ಅಂಚೆಪೆಟ್ಟಿಗೆಯ ಸೌಲಭ್ಯ. ಕಳುಹಿಸುವವರು ಫ್ಯಾಕ್ಸ್ ಸಂಖ್ಯೆಯ ಜೊತೆಗೆ ಪೆಟ್ಟಿಗೆಯ ಸಂಖ್ಯೆಯನ್ನೂ ಒತ್ತುತ್ತಾರೆ. ಬಂದ ಸಂದೇಶವನ್ನು ಯಂತ್ರ ತಕ್ಷಣ ಮುದ್ರಿಸದೆ ಸ್ಮೃತಿಕೋಶದಲ್ಲಿ ಕಾದಿರಿಸುತ್ತದೆ. ಪೆಟ್ಟಿಗೆಯ ಒಡೆಯರು ತಮ್ಮ ಗುಪ್ತಸಂಖ್ಯೆಯನ್ನು ಒತ್ತಿದಾಗಲೇ ಹಾಳೆ ಹೊರಬರುತ್ತದೆ. ಬೇಕ್‌ವೆಲ್ ಅವರ ಅದೃಶ್ಯ ಅಕ್ಷರದ ಉಪಾಯವೇ ಇಲ್ಲಿ ಹೊಸ ರೂಪ ತಾಳಿದೆ.

ಆದರೆ ಈ ಬೀಗಕ್ಕೂ ಮಿತಿಯಿದೆ. ಎರಡೂ ಯಂತ್ರಗಳು ಈ ಸೌಲಭ್ಯಕ್ಕೆ ಹೊಂದಿಕೊಳ್ಳಬೇಕು. ದೂರವಾಣಿ ಮಾರ್ಗದಲ್ಲಿ ಸಾಗುವ ಸಂಕೇತಗಳಿಗೆ ಇದು ರಕ್ಷಣೆ ನೀಡದು. ಶಾಯಿಪಟ್ಟಿಯಿಂದ ಮುದ್ರಿಸುವ ಯಂತ್ರಗಳಲ್ಲಿ, ಬಳಸಿ ಬಿಸಾಡಿದ ಪಟ್ಟಿಯ ಮೇಲೆ ಪುಟದ ಅಕ್ಷರಗಳು ಹಾಗೆಯೇ ಉಳಿದಿರುತ್ತವೆ. ಸಂಖ್ಯೆ ತಪ್ಪಿದರೆ ಪತ್ರ ಅಪರಿಚಿತರ ಪಾಲು.

ಅಸ್ತಮಾನ

ಬೇನ್ ಅವರ ಗೆಲುವು ಬಹುಕಾಲ ಬಾಳಲಿಲ್ಲ. 1846ರಲ್ಲಿ ಅವರು ರೂಪಿಸಿದ ರಾಸಾಯನಿಕ ತಂತಿ ಯಂತ್ರವು ಫ್ರಾನ್ಸಿನ ಪ್ರಯೋಗದಲ್ಲಿ 282 ಪದಗಳನ್ನು 52 ಸೆಕೆಂಡುಗಳಲ್ಲಿ ರವಾನಿಸಿ ಬೆರಗು ಮೂಡಿಸಿತು. ಆದರೆ ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ಅವರ ಪಾಳಯ ಪೇಟೆಂಟ್ ಉಲ್ಲಂಘನೆಯ ದಾವೆ ಹೂಡಿತು. 1851ರಲ್ಲಿ ತೀರ್ಪು ಬೇನ್ ವಿರುದ್ಧವಾಯಿತು. ವ್ಯಾಜ್ಯಗಳಲ್ಲಿ ಸಂಪತ್ತು ಕರಗಿತು. ಗಡಿಯಾರ ದುರಸ್ತಿಯ ಹಳೆಯ ಕಸುಬಿಗೇ ಅವರು ಮರಳಬೇಕಾಯಿತು. ವಿಜ್ಞಾನಿಗಳ ಪ್ರಯತ್ನದಿಂದ 1873ರಲ್ಲಿ ಸರ್ಕಾರ ವರ್ಷಕ್ಕೆ 80 ಪೌಂಡ್‌ಗಳ ಮಾಸಾಶನ ಮಂಜೂರು ಮಾಡಿತು. 1877ರ ಜನವರಿ 2ರಂದು ಗ್ಲಾಸ್ಗೊ ಸಮೀಪದ ಕರ್ಕಿಂಟಿಲಾಕ್‌ನಲ್ಲಿ ಅವರು ಕೊನೆಯುಸಿರೆಳೆದರು.

ಚಿತ್ರವನ್ನು ಗೆರೆಗೆರೆಯಾಗಿ ಬಿಡಿಸಿ ಕಳುಹಿಸುವ ಅವರ ಕಲ್ಪನೆಯೇ ದೂರದರ್ಶನಕ್ಕೂ ತಳಹದಿಯಾಯಿತು. ಇದನ್ನು ಮನ್ನಿಸಿ 2016ರಲ್ಲಿ ಅಮೆರಿಕದ ಎಮ್ಮಿ ಪ್ರಶಸ್ತಿಯನ್ನು ಬೇನ್ ಅವರಿಗೆ ಮರಣೋತ್ತರವಾಗಿ ನೀಡಲಾಯಿತು. ಕಚೇರಿಗಳ ಫ್ಯಾಕ್ಸ್ ಮೇಜನ್ನು ಇಂದು ಇ-ಮೇಲ್ ಮತ್ತು ಮೊಬೈಲ್ ಬಹುತೇಕ ಆಕ್ರಮಿಸಿವೆ. ಕಳುಹಿಸಿದ್ದು ಸರಿಯಾದ ಕೈಯನ್ನೇ ಸೇರಿತೇ ಎಂಬ ಪ್ರಶ್ನೆ ಮಾತ್ರ 1840ರಲ್ಲಿ ಬೇನ್ ಅವರನ್ನು ಕಾಡಿದಂತೆಯೇ ಇಂದಿಗೂ ಉಳಿದಿದೆ. ಪೇಟೆಂಟ್ ಅರ್ಜಿ ಎಂಬ ಒಂದು ಮುನ್ನೆಚ್ಚರಿಕೆ ಅಂದು ಅವರನ್ನು ಕಾಪಾಡಿತ್ತು. ಯಂತ್ರ ಯಾವುದೇ ಇರಲಿ, ಅಂತಹ ಮುನ್ನೆಚ್ಚರಿಕೆ ಕಳುಹಿಸುವವರ ಹೊಣೆಯೇ ಆಗಿದೆ.