ಜೇಮ್ಸ್ ಚಾಡ್ವಿಕ್

ಸರ್ ಜೇಮ್ಸ್ ಚಾಡ್ವಿಕ್ (20 ಅಕ್ಟೋಬರ್ 1891 – 24 ಜುಲೈ 1974) ಇಂಗ್ಲೆಂಡಿನ ಭೌತವಿಜ್ಞಾನಿ. ಗಾಮಾ ಕಿರಣವೆಂದು ಭಾವಿಸಲಾಗಿದ್ದ ಒಂದು ವಿಕಿರಣವು ವಾಸ್ತವವಾಗಿ ವಿದ್ಯುದಾವೇಶವಿಲ್ಲದ ಕಣಗಳ ಪ್ರವಾಹವೆಂದು 1932ರಲ್ಲಿ ತೋರಿಸಿ ನ್ಯೂಟ್ರಾನನ್ನು ಕಂಡುಹಿಡಿದರು. ಇದಕ್ಕಾಗಿ ಅವರಿಗೆ 1935ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಆರಂಭಿಕ ಜೀವನ

ಚೆಷೈರ್‌ನ ಬೋಲಿಂಗ್ಟನ್‌ನಲ್ಲಿ ಜನಿಸಿದ ಚಾಡ್ವಿಕ್ ಮ್ಯಾಂಚೆಸ್ಟರ್‌ನಲ್ಲಿ ಅರ್ನೆಸ್ಟ್ ರುದರ್‌ಫರ್ಡ್ ಅವರ ಶಿಷ್ಯರಾದರು. 1913ರಲ್ಲಿ ಹಾನ್ಸ್ ಗೈಗರ್ ಅವರೊಡನೆ ಕೆಲಸ ಮಾಡಲು ಬರ್ಲಿನ್‌ಗೆ ತೆರಳಿದ ಅವರು ಮೊದಲನೆಯ ಮಹಾಯುದ್ಧದ ಕಾಲವನ್ನು ರೂಲೆಬೆನ್ ಬಂಧನ ಶಿಬಿರದಲ್ಲಿ ಕಳೆಯಬೇಕಾಯಿತು. 1919ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯವನ್ನು ಸೇರಿದರು.

ಮಿನುಗುಗಳ ಎಣಿಕೆ

ಆ ದಿನಗಳಲ್ಲಿ ಕಣಗಳನ್ನು ಎಣಿಸುತ್ತಿದ್ದುದು ಕಣ್ಣಿನಿಂದಲೇ. ಸತುವಿನ ಸಲ್ಫೈಡ್ ಲೇಪಿಸಿದ ಪರದೆಗೆ ಕಣ ಬಡಿದಾಗ ಮೂಡುವ ಮಿನುಗನ್ನು ಕತ್ತಲೆ ಕೋಣೆಯಲ್ಲಿ ಕುಳಿತು ಸೂಕ್ಷ್ಮದರ್ಶಕದ ಮೂಲಕ ನೋಡಬೇಕಿತ್ತು. ಹಗುರ ಧಾತುಗಳ ವಿಘಟನೆಯ ಬಗ್ಗೆ ಕೇಂಬ್ರಿಜ್ ಮತ್ತು ವಿಯೆನ್ನಾದ ಎಣಿಕೆಗಳು ವರ್ಷಗಳ ಕಾಲ ಪರಸ್ಪರ ತಾಳೆಯಾಗಲಿಲ್ಲ. 1927ರ ಡಿಸೆಂಬರ್‌ನಲ್ಲಿ ವಿಯೆನ್ನಾಕ್ಕೆ ಹೋದ ಚಾಡ್ವಿಕ್, ಪ್ರಯೋಗದ ಏರ್ಪಾಡನ್ನು ಎಣಿಸುವವರಿಗೆ ತಿಳಿಸದೆ ಎಣಿಕೆ ಮಾಡಿಸಿದರು. ಅಲ್ಲಿನ ಹಿಂದಿನ ಫಲಿತಾಂಶಗಳು ಮರಳಿ ಬರಲಿಲ್ಲ. ಎಣಿಸುವವರ ಪ್ರಾಮಾಣಿಕತೆಯಲ್ಲಿ ಕೊರತೆಯಿರಲಿಲ್ಲ. ನಿರೀಕ್ಷೆಯೇ ಕಣ್ಣನ್ನು ದಾರಿತಪ್ಪಿಸಿತ್ತು. ಮುಂದೆ ವಿದ್ಯುತ್ ಎಣಿಕೆಯ ಉಪಕರಣಗಳು ಈ ವಿಧಾನದ ಸ್ಥಾನವನ್ನು ಪಡೆದವು.

ನ್ಯೂಟ್ರಾನ್‌ನ ಆವಿಷ್ಕಾರ

ಆಲ್ಫಾ ಕಣಗಳು ಬಡಿದಾಗ ಬೆರಿಲಿಯಂ ಧಾತುವು ಸೀಸವನ್ನೂ ಭೇದಿಸುವ ವಿಕಿರಣವನ್ನು ಹೊರಸೂಸುವುದೆಂದು 1930ರಲ್ಲಿ ಬೋಥೆ ಮತ್ತು ಬೆಕರ್ ಕಂಡಿದ್ದರು. ಅದು ಪ್ಯಾರಾಫಿನ್ ಮೇಣದಿಂದ ಪ್ರೋಟಾನುಗಳನ್ನು ಚಿಮ್ಮಿಸುವುದನ್ನು 1932ರ ಜನವರಿಯಲ್ಲಿ ಜೋಲಿಯೋ-ಕ್ಯೂರಿ ದಂಪತಿ ವರದಿ ಮಾಡಿದರು. ಆದರೂ ಅದನ್ನು ಗಾಮಾ ಕಿರಣವೆಂದೇ ಬಗೆದರು. ಚಾಡ್ವಿಕ್ ಇದನ್ನು ಒಪ್ಪಲಿಲ್ಲ. ಅಯನೀಕರಣ ಕೋಣೆ ಹಾಗೂ ವರ್ಧಕದ ನೆರವಿನಿಂದ ಅವರು ಜಲಜನಕದ ಜೊತೆಗೆ ಸಾರಜನಕದ ಚಿಮ್ಮುವಿಕೆಯನ್ನೂ ಪರೀಕ್ಷಿಸಿದರು. ಗಾಮಾ ಕಿರಣವಾಗಿದ್ದಲ್ಲಿ ಮೊದಲನೆಯದಕ್ಕೆ ಸುಮಾರು 5 ಕೋಟಿ, ಎರಡನೆಯದಕ್ಕೆ ಸುಮಾರು 9 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕಾಗುತ್ತಿತ್ತು. ಒಂದೇ ವಿಕಿರಣಕ್ಕೆ ಎರಡು ಶಕ್ತಿಗಳಿರಲಾರವು. ಪ್ರೋಟಾನಿನಷ್ಟೇ ದ್ರವ್ಯರಾಶಿಯ, ಆವೇಶರಹಿತ ಕಣವೆಂದು ಭಾವಿಸಿದರೆ ಎರಡೂ ಅಳತೆಗಳು ಹೊಂದಿಕೊಂಡವು. ಫೆಬ್ರವರಿಯಲ್ಲಿ ಈ ಫಲಿತಾಂಶ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ನಂತರದ ವರ್ಷಗಳು

1935ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ಅಲ್ಲಿ ಸೈಕ್ಲೋಟ್ರಾನ್ ನಿರ್ಮಿಸಿದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಮ್ಯಾನ್‌ಹಟನ್ ಯೋಜನೆಗೆ ತೆರಳಿದ ಬ್ರಿಟಿಷ್ ತಂಡದ ಮುಖ್ಯಸ್ಥರಾಗಿದ್ದರು. 1945ರಲ್ಲಿ ನೈಟ್ ಪದವಿ ಪಡೆದರು. ಕೇಂಬ್ರಿಜ್‌ನಲ್ಲಿ ನಿಧನರಾದರು.

ಪ್ರಭಾವ

ಕಣ್ಣಿನ ಬದಲು ಬೆಳಕುವರ್ಧಕ ನಳಿಕೆ ಬಂದಮೇಲೆ ಮಿನುಗು ಶೋಧಕಗಳು ಪ್ರಯೋಗಾಲಯಕ್ಕೆ ಮರಳಿದವು. ಸ್ಟಿಲ್ಬೀನ್‌ನಂತಹ ಹರಳಿನಲ್ಲಿ ವೇಗದ ನ್ಯೂಟ್ರಾನು, ಚಾಡ್ವಿಕ್ ಅವರ ಮೇಣದಲ್ಲಿ ಆದಂತೆಯೇ, ಪ್ರೋಟಾನನ್ನು ಚಿಮ್ಮಿಸುತ್ತದೆ; ಗಾಮಾ ಕಿರಣವಾದರೋ ಎಲೆಕ್ಟ್ರಾನನ್ನು. ಪ್ರೋಟಾನಿನ ಮಿನುಗಿನಲ್ಲಿ ನಿಧಾನವಾಗಿ ಆರುವ ಬೆಳಕಿನ ಪಾಲು ಹೆಚ್ಚು. ಸ್ಪಂದದ ಬಾಲಭಾಗವನ್ನು ಒಟ್ಟು ಬೆಳಕಿನೊಂದಿಗೆ ಹೋಲಿಸಿ ಎರಡನ್ನೂ ಬೇರ್ಪಡಿಸಲಾಗುತ್ತದೆ. ಶಕ್ತಿ ತೀರ ಕಡಿಮೆಯಿದ್ದಾಗ ಈ ವ್ಯತ್ಯಾಸ ಮಸುಕಾಗುತ್ತದೆ.