ಓಮ್ ಎಂಬ ಹೈಸ್ಕೂಲ್ ಮೇಷ್ಟ್ರು

ನೆಚ್ಚಿನ ಮೇಷ್ಟ್ರೊಬ್ಬರ ಬಗ್ಗೆ ಬರೆದುಕೊಡಿ ಎಂದು ಸ್ಮರಣ ಸಂಚಿಕೆಯ ಸಮಿತಿಯವರು ಕೇಳಿದರು. ನಮ್ಮ ಶಾಲೆಯ ಗುರುಗಳ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ನಮ್ಮೂರನ್ನೇ ಕಾಣದ, 1854ರಲ್ಲೇ ತೀರಿಹೋದ, ಜರ್ಮನಿಯ ಒಬ್ಬ ಹೈಸ್ಕೂಲ್ ಮೇಷ್ಟ್ರ ಬಗ್ಗೆ. ಅವರ ಕಥೆಯನ್ನು ನನಗೆ ಹೇಳಿದವರು ಮಾತ್ರ ಇದೇ ಶಾಲೆಯ ವಿಜ್ಞಾನದ ಮೇಷ್ಟ್ರು. ಯಾಕೆ ಹೇಳಬೇಕಾಯಿತು ಎಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಹತ್ತನೇ ತರಗತಿಯಲ್ಲಿ ಓಮ್‌ನ ನಿಯಮದ ಪ್ರಯೋಗವಿತ್ತು. ತಂತಿಯ ಎರಡು ತುದಿಗಳ ನಡುವಿನ ವೋಲ್ಟನ್ನು ಅದರಲ್ಲಿ ಹರಿಯುವ ಆಂಪಿಯರ್‌ನಿಂದ ಭಾಗಿಸಿದರೆ ರೋಧ ಸಿಗುತ್ತದೆ. ಸೆಲ್ ಒಂದಿರಲಿ, ಮೂರಿರಲಿ, ಉತ್ತರ ಒಂದೇ ಬರಬೇಕು. ನಮಗೆ ಸಿಕ್ಕಿದ್ದು ಹಳೆಯ ಟಾರ್ಚ್ ಸೆಲ್‌ಗಳು. ವೋಲ್ಟ್‌ಮೀಟರ್ ನೋಡಿ ಬರೆದುಕೊಂಡು ಅಮ್ಮೀಟರ್ ಕಡೆ ತಿರುಗುವಷ್ಟರಲ್ಲಿ ಮುಳ್ಳು ಕೆಳಗಿಳಿದಿರುತ್ತಿತ್ತು. ನನಗೆ ಬಂದದ್ದು 5.2, 5.9, 6.4 ಓಮ್. ಪಕ್ಕದವನ ಪುಸ್ತಕದಲ್ಲಿ ಮೂರೂ ಕಡೆ 5 ಎಂದಿತ್ತು. ನಾನೂ 5 ಎಂದು ತಿದ್ದಿದೆ. ಅದಕ್ಕೆ ಹೊಂದುವಂತೆ ಆಂಪಿಯರನ್ನೂ ತಿದ್ದಿದೆ. ಮೇಷ್ಟ್ರು ಪುಸ್ತಕ ನೋಡಿದರು. ಬೈಯಲಿಲ್ಲ, ಸಹಿಯನ್ನೂ ಹಾಕಲಿಲ್ಲ. ಸಂಜೆ ಬೆಲ್ ಆದ ಮೇಲೆ ಕೂರಿಸಿಕೊಂಡು ಈ ಕಥೆ ಹೇಳಿದರು. ಮುಂದೆ ನಾನೇ ಓದಿ ತಿಳಿದದ್ದನ್ನೂ ಇಲ್ಲಿ ಸೇರಿಸಿದ್ದೇನೆ.

ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಎರ್ಲಾಂಗೆನ್ ಎಂಬ ಊರಿನಲ್ಲಿ. ತಂದೆ ಬೀಗ ಮಾಡುವ ಕಸುಬಿನವರು. ಶಾಲೆ ಕಲಿಯದಿದ್ದರೂ ಸ್ವಂತವಾಗಿ ಗಣಿತ ಓದಿ ಮಕ್ಕಳಿಗೂ ಕಲಿಸಿದರು. ತಾಯಿ ತೀರಿಕೊಂಡಾಗ ಹುಡುಗನಿಗೆ ಹತ್ತು ವರ್ಷ. ವಿಶ್ವವಿದ್ಯಾಲಯ ಸೇರಿದ ಮೇಲೆ ಓದಿಗಿಂತ ಕುಣಿತ, ಬಿಲಿಯರ್ಡ್ಸ್, ಮಂಜಿನ ಮೇಲೆ ಜಾರುವ ಆಟಗಳೇ ಹೆಚ್ಚಾದವು. ತಂದೆಗೆ ಸಿಟ್ಟು ಬಂದು ಬಿಡಿಸಿದರು. ಓಮ್ ಸ್ವಿಟ್ಜರ್‌ಲೆಂಡಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡಲು ಹೋದರು. 1811ರಲ್ಲಿ ಮರಳಿ ಬಂದು ಡಾಕ್ಟರೇಟ್ ಪಡೆದರೂ ಸಿಕ್ಕ ಕೆಲಸಗಳು ಹೊಟ್ಟೆಪಾಡಿಗೇ ಸಾಲದಂಥವು. 1817ರಲ್ಲಿ ಕಲೋನ್ ನಗರದ ಹೈಸ್ಕೂಲಿಗೆ ಗಣಿತ, ಭೌತವಿಜ್ಞಾನದ ಮೇಷ್ಟ್ರಾದರು. ಅಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು. ಬೇಕಾದ ಉಪಕರಣ ತಾವೇ ಮಾಡಿಕೊಳ್ಳುವ ಕೈಚಳಕ ತಂದೆಯಿಂದ ಬಂದಿತ್ತು. ಪಾಠ ಮುಗಿದ ಮೇಲೆ ಅದೇ ಅವರ ಲೋಕ.

ಉದ್ದ ತಂತಿಯಲ್ಲಿ ವಿದ್ಯುತ್ ಎಷ್ಟು ಕಡಿಮೆ ಹರಿಯುತ್ತದೆ ಎಂದು ಅವರು ಅಳೆಯಹೊರಟರು. ಆಗಿನ ಬ್ಯಾಟರಿ ನಮ್ಮ ಟಾರ್ಚ್ ಸೆಲ್‌ಗಿಂತ ಕಡೆ; ಅಳೆಯುತ್ತಿರುವಾಗಲೇ ಶಕ್ತಿ ಕುಂದುತ್ತಿತ್ತು. 1825ರಲ್ಲಿ ಓಮ್ ಪ್ರಕಟಿಸಿದ ಮೊದಲ ಸೂತ್ರ ತಪ್ಪಾಗಿತ್ತು. ಇದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ, ನನಗಂತೂ ಅವರ ಬದುಕಿನ ದೊಡ್ಡ ಘಟನೆ ಇದೇ. ಅಂಕಿಗಳನ್ನು ಸೂತ್ರಕ್ಕೆ ತಕ್ಕಂತೆ ತಿದ್ದುವ ಬದಲು ಅವರು ಬ್ಯಾಟರಿಯನ್ನೇ ಬದಲಿಸಿದರು. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿ ಕೊಟ್ಟ ಸಲಹೆಯಂತೆ ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿ, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟರು. ನೀರು ಕುದಿಯುವಷ್ಟು ಹೊತ್ತೂ ಮಂಜು ಕರಗುವಷ್ಟು ಹೊತ್ತೂ ಅವುಗಳ ಉಷ್ಣತೆ ಬದಲಾಗದು. ಹಾಗಾಗಿ ವಿದ್ಯುತ್ತಿನ ಒತ್ತಡವೂ ಬದಲಾಗದು. ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಸೇರಿಸಿ, ತೂಗುಬಿಟ್ಟ ಕಾಂತದ ಸೂಜಿ ಎಷ್ಟು ತಿರುಗಿತೆಂದು ನೋಡಿದರು. 1826ರಲ್ಲಿ ಸರಿಯಾದ ನಿಯಮ ಸಿಕ್ಕಿತು. ಅರ್ಧ ಸಂಬಳದ ರಜೆ ಹಾಕಿ ಬರ್ಲಿನ್ನಿಗೆ ಹೋಗಿ ಪುಸ್ತಕ ಬರೆದರು. ಅದು 1827ರಲ್ಲಿ ಅಚ್ಚಾಯಿತು.

ಪುಸ್ತಕದಿಂದ ವಿಶ್ವವಿದ್ಯಾಲಯದ ಕೆಲಸ ಸಿಗುತ್ತದೆಂಬ ಆಸೆ ಫಲಿಸಲಿಲ್ಲ. ಅವರ ನಾಡಿನ ಪಂಡಿತರು ಹೆಚ್ಚಿನವರು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಮನನೊಂದು 1828ರಲ್ಲಿ ಕಲೋನಿನ ಕೆಲಸವನ್ನೂ ಬಿಟ್ಟರು. ಐದಾರು ವರ್ಷ ಬರ್ಲಿನ್ನಿನಲ್ಲಿ ಅಲ್ಪ ಸಂಬಳಕ್ಕೆ ಪಾಠ ಹೇಳಿ, 1833ರಲ್ಲಿ ನ್ಯೂರೆಂಬರ್ಗಿನ ತಾಂತ್ರಿಕ ಶಾಲೆ ಸೇರಿದರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟ ಮೇಲೆ ಹೆಸರು ಹರಡಿತು. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕ ಪೀಠ ಸಿಕ್ಕಿದ್ದು 1852ರಲ್ಲಿ. ಎರಡೇ ವರ್ಷ, 1854ರ ಜುಲೈ 6ರಂದು ತೀರಿಕೊಂಡರು. 1881ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ವಿದ್ಯುತ್ ಸಮ್ಮೇಳನ ರೋಧದ ಮಾನಕ್ಕೆ ಅವರ ಹೆಸರನ್ನಿಟ್ಟಿತು.

ಕಥೆ ಮುಗಿಸಿ ಮೇಷ್ಟ್ರು ಬೋರ್ಡಿನ ಮೇಲೆ ನೀರು ಕಾಯಿಸುವ ಕಾಯಿಲ್ ಬರೆದು ಲೆಕ್ಕ ಮಾಡಿಸಿದರು. 230 ವೋಲ್ಟ್, 1000 ವಾಟ್. ವೋಲ್ಟ್ ಮತ್ತು ಆಂಪಿಯರ್ ಗುಣಿಸಿದರೆ ವಾಟ್ ಆದ್ದರಿಂದ, ಹರಿಯುವುದು ಸುಮಾರು 4.35 ಆಂಪಿಯರ್. 230ನ್ನು ಅದರಿಂದ ಭಾಗಿಸಿದರೆ ರೋಧ ಹತ್ತಿರಹತ್ತಿರ 53 ಓಮ್. ಸಂಜೆ ಎಲ್ಲರ ಮನೆಯ ದೀಪ ಹತ್ತಿ ವೋಲ್ಟೇಜ್ 180ಕ್ಕೆ ಇಳಿಯಿತು ಎನ್ನಿ. ರೋಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹರಿಯುವುದು 3.4 ಆಂಪಿಯರ್, ಸಾಮರ್ಥ್ಯ 612 ವಾಟ್. ವೋಲ್ಟೇಜ್ ಕಾಲುಭಾಗದಷ್ಟೂ ಇಳಿದಿಲ್ಲ, ಬಿಸಿ ಮಾತ್ರ ಸುಮಾರು ಐದರಲ್ಲಿ ಎರಡು ಪಾಲು ಹೋಯಿತು. ನಮ್ಮಮ್ಮ ಕಾಯಿಲ್ ಕೆಟ್ಟಿದೆ ಎಂದು ಅಂಗಡಿಯವನನ್ನು ಬೈಯುತ್ತಿದ್ದದ್ದು ಅನ್ಯಾಯವೆಂದು ಅಂದು ಗೊತ್ತಾಯಿತು.

ಎರಡು ದಿನ ಬಿಟ್ಟು ಮೇಷ್ಟ್ರು ತಮ್ಮ ದುಡ್ಡಿನಲ್ಲಿ ಹೊಸ ಸೆಲ್ ತಂದರು. ನಾನು ವೋಲ್ಟ್‌ಮೀಟರ್ ಮುಂದೆ, ಪಕ್ಕದವನು ಅಮ್ಮೀಟರ್ ಮುಂದೆ. ಅವರು ಕೀ ಹಾಕಿದ ಕೂಡಲೇ ಇಬ್ಬರೂ ಒಟ್ಟಿಗೆ ಓದಿದೆವು. 5.1, 4.9, 5.2 ಬಂತು. ಮೂರನ್ನೂ ಹಾಗೆಯೇ ಬರೆಸಿ, ಕೆಂಪು ಶಾಯಿಯಲ್ಲಿ ಸಹಿ ಹಾಕಿದರು.