ಕುಂಚ ಬಿಟ್ಟು ಯಂತ್ರ ಹಿಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್

ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯಲ್ಲಿ ಗುರ್ಲಹೊಸೂರು ಎಂಬ ಊರಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರ ಜೂನ್ 20ರಂದು ಜನಿಸಿದ್ದು ಅಲ್ಲಿ. ತಂದೆ ಕಾಶಿನಾಥಪಂತರು ವೇದಾಂತ ಬಲ್ಲವರು. ಮನೆಯಲ್ಲಿ ಶಾಸ್ತ್ರಗ್ರಂಥಗಳ ವಾತಾವರಣವಿದ್ದರೂ ಬಾಲಕನ ಒಲವು ಪಾಠಕ್ಕಿಂತ ಚಿತ್ರ ಬರೆಯುವುದರತ್ತ ಮತ್ತು ಯಂತ್ರವಸ್ತುಗಳತ್ತ ಹರಿದಿತ್ತು. ಅಣ್ಣ ರಾಮಣ್ಣನವರ ನೆರವಿನಿಂದ 1885ರಲ್ಲಿ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಎರಡು ವರ್ಷಗಳ ಅಭ್ಯಾಸದ ನಂತರ ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂಬುದು ಗೊತ್ತಾಯಿತು. ಚಿತ್ರಕಾರನಾಗಬೇಕೆಂದಿದ್ದವನಿಗೆ ಇದಕ್ಕಿಂತ ದೊಡ್ಡ ಆಘಾತವಿಲ್ಲ. ಆದರೆ ಅದೇ ಶಾಲೆಯಲ್ಲಿ ಯಂತ್ರನಕ್ಷೆಯ ಪಾಠವೂ ನಡೆಯುತ್ತಿತ್ತು. ಯಂತ್ರನಕ್ಷೆಗೆ ಬಣ್ಣ ಬೇಕಿಲ್ಲ. ವಸ್ತುವೊಂದನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಕಂಡಂತೆ ಗೆರೆಗಳಲ್ಲಿ ಬಿಡಿಸಿ, ಪ್ರತಿಯೊಂದು ಭಾಗದ ಅಳತೆಯನ್ನು ಗುರುತಿಸಿದರೆ ಸಾಕು. ಅದನ್ನು ಕಂಡ ಬೇರೊಬ್ಬ ಕುಶಲಕರ್ಮಿ ಅದೇ ವಸ್ತುವನ್ನು ಮಾಡಬಲ್ಲ. ಕುಂಚ ಕೆಳಗಿಟ್ಟ ಲಕ್ಷ್ಮಣರಾಯರು ಈ ವಿದ್ಯೆಯನ್ನೇ ಗಟ್ಟಿಯಾಗಿ ಹಿಡಿದರು.

ಮುಂಬಯಿಯಲ್ಲಿ 1887ರಲ್ಲಿ ಆರಂಭವಾದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅವರಿಗೆ ಯಂತ್ರನಕ್ಷೆಯ ಸಹಾಯಕ ಶಿಕ್ಷಕನ ಕೆಲಸ ದೊರೆಯಿತು. ತಿಂಗಳಿಗೆ 45 ರೂಪಾಯಿ ಸಂಬಳ. ಅವರ ಜೀವನದಲ್ಲಿ ನನಗೆ ಅತ್ಯಂತ ಮಹತ್ವದ್ದೆಂದು ತೋರುವುದು ಈ ಘಟ್ಟ. ಪಾಠ ಮುಗಿದ ಮೇಲೆ ಅವರು ಸಂಸ್ಥೆಯ ಕಾರ್ಯಾಗಾರಕ್ಕೆ ಹೋಗಿ ಯಂತ್ರಗಳ ನಡುವೆ ಕೆಲಸ ಮಾಡುತ್ತಿದ್ದರು. ಯಂತ್ರವಿದ್ಯೆಯ ಪದವಿ ಅವರಿಗಿರಲಿಲ್ಲ. ತಾವು ನಕ್ಷೆಯಲ್ಲಿ ಕಲಿಸುತ್ತಿದ್ದುದನ್ನು ಲೋಹದಲ್ಲಿ ತಾವೇ ಕಲಿಯುತ್ತಿದ್ದರು. ಶ್ರೀಮಠದ ವಿದ್ಯಾರ್ಥಿನಿಲಯದಲ್ಲಿದ್ದು ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿರುವ ಮಕ್ಕಳಲ್ಲಿ ಕೆಲವರಿಗೆ ಕೈಗೆ ಗ್ರೀಸ್ ಹತ್ತಿಸಿಕೊಳ್ಳಲು ಇಂದಿಗೂ ಸಂಕೋಚ. ಶಿಕ್ಷಕನಾಗಿದ್ದ ಲಕ್ಷ್ಮಣರಾಯರಿಗೆ ಆ ಸಂಕೋಚವಿರಲಿಲ್ಲ.

ಸಂಸ್ಥೆಯಲ್ಲಿ ತಮಗೆ ಸಲ್ಲಬೇಕಿದ್ದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾದಾಗ ಅವರು ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಅಣ್ಣತಮ್ಮಂದಿರ ಸೈಕಲ್ ಅಂಗಡಿ ಅಲ್ಲಿ ಆಗಲೇ ಇತ್ತು. ಸೈಕಲ್ ಮಾರುವುದು, ರಿಪೇರಿ ಮಾಡುವುದು, ಹಣ ಪಡೆದು ಸವಾರಿ ಕಲಿಸುವುದು ಎಲ್ಲವೂ ಆ ಅಂಗಡಿಯ ಕಾಯಕವಾಗಿತ್ತು. ಆ ರಸ್ತೆಗೆ ಇಂದು ಕಿರ್ಲೋಸ್ಕರ್ ರಸ್ತೆಯೆಂದೇ ಹೆಸರು. ಮುಂದೆ ಸಣ್ಣ ಕಾರ್ಯಾಗಾರ ಬೆಳೆದು ಮೇವು ಕತ್ತರಿಸುವ ಯಂತ್ರ, ಅದರ ಬೆನ್ನಿಗೆ ಕಬ್ಬಿಣದ ನೇಗಿಲು ತಯಾರಾದವು.

ನೇಗಿಲು ಎರೆಭೂಮಿಯ ರೈತನಿಗೆ ನಿಜಕ್ಕೂ ಬೇಕಾದ ವಸ್ತು. ಆಳಕ್ಕೆ ಬೇರುಬಿಟ್ಟ ಕರಿಕೆಯನ್ನು ಕಿತ್ತು ಮಣ್ಣನ್ನು ಮಗುಚಿಹಾಕುವ ಶಕ್ತಿ ಮರದ ನೇಗಿಲಿಗಿಲ್ಲ. ಹೀಗಿದ್ದರೂ ಕಬ್ಬಿಣ ತಾಕಿದರೆ ಭೂಮಿ ವಿಷವಾಗುತ್ತದೆಂಬ ನಂಬಿಕೆ ಜನರಲ್ಲಿ ಬಲವಾಗಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಆ ಅವಧಿಯಲ್ಲಿ ಅವರು ಕಾರ್ಯಾಗಾರ ಮುಚ್ಚಿ ಮತ್ತೆ ಮಾಸ್ತರಿಕೆಗೆ ಮರಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಬೆಳಗಾವಿಯ ನಗರಾಡಳಿತ ಕಾರ್ಯಾಗಾರದ ಜಾಗವನ್ನು ತೆರವು ಮಾಡಿಸಿದಾಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜರು, ಬಾಳಾಸಾಹೇಬ್ ಪಂತ ಪ್ರತಿನಿಧಿಗಳು. ಅವರು ಕುಂಡಲ್ ರೋಡ್ ರೈಲುನಿಲ್ದಾಣದ ಬಳಿ 32 ಎಕರೆ ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಮತ್ತು ನಾಗರಹಾವುಗಳ ಆ ಬಂಜರಿನಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಅಲ್ಲಿ ಕಾರ್ಮಿಕರ ಮನೆಗಳನ್ನು ಕಾರ್ಖಾನೆಯ ಜೊತೆಯಲ್ಲೇ ಕಟ್ಟಿಸಿದರು. ಅಸ್ಪೃಶ್ಯತೆಗೆ ಊರಿನಲ್ಲಿ ಅವಕಾಶ ಕೊಡಲಿಲ್ಲ. ಸೆರೆವಾಸ ಮುಗಿಸಿ ಬಂದವರನ್ನೇ ರಾತ್ರಿಯ ಕಾವಲಿಗೆ ನೇಮಿಸಿದರು. ಶರಣರ ಮಾರ್ಗ ಅವರದಾಗಿರಲಿಲ್ಲ. ಆದರೆ ದುಡಿಯುವವನ ಜಾತಿಯನ್ನೂ ಹಿಂದಿನ ಬದುಕನ್ನೂ ಕೇಳದೆ ಕೆಲಸ ಕೊಟ್ಟ ಈ ನಡೆ ನಮ್ಮವರಿಗೆ ಅಪರಿಚಿತವೆನಿಸದು.

ತಮಗೆ ದೊರೆಯದ ವ್ಯವಸ್ಥಿತ ಶಿಕ್ಷಣವನ್ನು ಅವರು ಮಗನಿಗೆ ದೊರಕಿಸಿದರು. ಶಂತನುರಾವ್ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಯಂತ್ರಶಾಸ್ತ್ರ ಓದಿ 1926ರಲ್ಲಿ ಮರಳಿ, ತಂದೆಯ ಕಾರ್ಖಾನೆಯಲ್ಲೇ ಕೆಲಸಕ್ಕೆ ನಿಂತರು. ಕಲಿಯದ ತಂದೆಯ ಅನುಭವ, ಕಲಿತ ಮಗನ ಲೆಕ್ಕಾಚಾರ ಎರಡೂ ಕೂಡಿದ ಮೇಲೆ ಉದ್ಯಮ ವಿಸ್ತಾರವಾಯಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿ, ಯಂತ್ರಗಳನ್ನು ತಯಾರಿಸುವ ಯಂತ್ರವಾದ ಲೇತನ್ನು ತುಂಗಭದ್ರೆಯ ದಡದಲ್ಲೇ ನಿರ್ಮಿಸತೊಡಗಿತು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ಕಾಲವಾದರು. ಹರಿಹರದ ಆ ಕಾರ್ಖಾನೆಯೂ ಈಗ ಮುಚ್ಚಿದೆ. ಅಲ್ಲಿ ತಯಾರಾದ ಲೇತುಗಳು ಮಾತ್ರ ನಾಡಿನ ಎಷ್ಟೋ ತಾಂತ್ರಿಕ ಶಾಲೆಗಳ ಕಾರ್ಯಾಗಾರಗಳಲ್ಲಿ ವಿದ್ಯಾರ್ಥಿಗಳ ಕೈ ಪಳಗಿಸಿವೆ.